ಬಾವಿಕಟ್ಟೆಯ ಇಂಗ್ಲಿಷ್

ಉಪ್ಪಳದಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ನಮ್ಮ ಇಂಗ್ಲಿಷ್ ಕ್ಲಾಸು. ಟೀಚರ್ ಬಂದವರೇ ಫ್ಯಾನು ಹಾಕಿ, ಬೆರಳು ತೋರಿಸಿ ಒಬ್ಬೊಬ್ಬರನ್ನೇ ಎಬ್ಬಿಸುತ್ತಿದ್ದರು. ಎದ್ದು ನಿಂತವರು ನಿನ್ನೆ ಏನು ಮಾಡಿದೆ, ಈಗ ಏನು ಮಾಡುತ್ತಿದ್ದೇನೆ, ನಾಳೆ ಏನು ಮಾಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ಗಂಡನ ಹತ್ತಿರ ದುಬೈಗೆ ಹೊರಟ ಹೊಸ ಮದುವೆಯ ಹುಡುಗಿಯರು, ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವರು, ಸರಕಾರಿ ಕೆಲಸದ ಪಿ.ಎಸ್.ಸಿ. ಪರೀಕ್ಷೆಗೆ ಓದುವವರು ಎಲ್ಲ ಇದ್ದರು. ಅವರಲ್ಲಿ ಅರ್ಧ ತಲೆ ನರೆತವಳು ನಾನೊಬ್ಬಳೇ. ನನ್ನ ಸರದಿ ಬಂದಾಗ ನಾನು ಚೆನ್ನಾಗಿ ಸುಳ್ಳು ಹೇಳುತ್ತಿದ್ದೆ. ಐ ವೆಂಟ್ ಟು ದ ಮಾರ್ಕೆಟ್. ಐ ಬಾಟ್ ಫಿಶ್. ಐ ಕುಕ್ಡ್ ಫಿಶ್. ಟೀಚರ್ ತಲೆಯಾಡಿಸಿ ಕೂರಿಸುತ್ತಿದ್ದರು. ನಿಜಕ್ಕೂ ನಾನು ನಿನ್ನೆ ಮಾಡಿದ್ದು ಮನೆಯ ಹಿಂದೆ ಬಾವಿಕಟ್ಟೆಯ ಮೇಲೆ ಕೂತು ಒಂದು ಫೋನಿಗೆ ಕಾದದ್ದು, ಮೊನ್ನೆ ಮಾಡಿದ್ದೂ ಅದೇ.

ನನ್ನ ಗಂಡ ಗಲ್ಫಿನಲ್ಲಿ ಕೆಲಸದ ಜಾಗದಲ್ಲಿ ಕುಸಿದು ಬಿದ್ದಿದ್ದರು. ತಲೆಯ ಒಳಗೆ ರಕ್ತ ಹರಿದಿದೆ, ಮಾತು ನಿಂತಿದೆ, ಬಲಗೈ ಬಲಗಾಲು ಏಳುತ್ತಿಲ್ಲ ಎಂದು ಅವರ ರೂಮಿನಲ್ಲಿರುವ, ಅಣ್ಣಾ ಅಣ್ಣಾ ಎಂದು ಅವರ ಹಿಂದೆಯೇ ಇರುವ ಕುಂಬಳೆ ಕಡೆಯ ಗೆಳೆಯ ಫೋನ್ ಮಾಡಿ ಹೇಳಿದ. "ಅತ್ತಿಗೆ, ನೀವು ಹೆದರ್ಬೇಡಿ ಆಯ್ತಾ, ಜೀವಕ್ಕೆ ಎಂತ ಇಲ್ಲ," ಎಂದು ಹೇಳುವಾಗ ಅವನೇ ಅಳುತ್ತಿದ್ದ. ಕಾಗದಪತ್ರ, ಕಂಪೆನಿಯ ಆಫೀಸು, ಇನ್ಶೂರೆನ್ಸು ಎಲ್ಲ ಅವನೇ ಓಡಾಡಿ ನೋಡಿಕೊಂಡ. ಆದರೆ ಅವನಿಗೆ ಹಗಲು ಕೆಲಸ, ವಾರ್ಡಿನ ಒಳಗೆ ಬಿಡುವುದು ಹಗಲಲ್ಲಿ ಮಾತ್ರ. ರೋಗಿ ಹೇಗಿದ್ದಾನೆ, ಊರಿಗೆ ಕಳಿಸಬಹುದೋ ಇಲ್ಲವೋ ಎಂಬ ಮಾತನ್ನೆಲ್ಲ ಆಸ್ಪತ್ರೆಯವರು ಹೆಂಡತಿಯ ಹತ್ತಿರವೇ ಆಡುತ್ತಾರಂತೆ. ಹಾಗಾಗಿ ಊರಿನಲ್ಲಿ ಸಂಜೆಯ ಚಹಾ ಆಗುವ ಹೊತ್ತಿಗೆ ವಾರ್ಡಿನಿಂದ ನನಗೆ ಒಂದು ಕರೆ.

ಗಲ್ಫಿನ ಆಸ್ಪತ್ರೆ ಎಂದರೆ ತುಂಬ ಮಲಯಾಳಿ ನರ್ಸುಗಳೇ ಎಂದು ಎಲ್ಲರೂ ಹೇಳುತ್ತಾರೆ. ಮಲಯಾಳ ಆದರೆ ನಾನು ಹೇಗಾದರೂ ದಾಟುತ್ತಿದ್ದೆ. ನಮ್ಮ ಗ್ರಹಚಾರಕ್ಕೆ ಆ ವಾರ್ಡಿನಲ್ಲಿದ್ದ ಒಬ್ಬಳೇ ಒಬ್ಬಳು ಮಲಯಾಳಿ ನರ್ಸು ಮೊದಲ ವಾರವೇ ಹೆರಿಗೆ ರಜೆಗೆ ಹೋದಳು. ಆಮೇಲೆ ಬಂದವಳು ಫಿಲಿಪೈನ್ಸಿನವಳು. ಅವಳ ಇಂಗ್ಲಿಷು ಮಳೆಗಾಲದ ತೋಡಿನ ಹಾಗೆ ಒಂದೇ ಸಮನೆ ಹರಿಯುತ್ತಿತ್ತು, ಅದರಲ್ಲಿ ನನ್ನ ಕೈಗೆ ಸಿಗುತ್ತಿದ್ದದ್ದು "ಮ್ಯಾಮ್" ಒಂದೇ. ಮೊದಲ ದಿನ ಅವಳು ಅಷ್ಟು ಹೊತ್ತು ಮಾತಾಡಿದಳು, ನಾನು "ಎಸ್, ಎಸ್" ಎಂದೆ. ಫೋನ್ ಇಟ್ಟ ಮೇಲೆ ಯಾವುದಕ್ಕೆ ಎಸ್ ಎಂದೆನೋ ನನಗೇ ಗೊತ್ತಿರಲಿಲ್ಲ. ಕಾಲು ಕತ್ತರಿಸಬಹುದಾ ಎಂದು ಕೇಳಿದ್ದರೂ ನಾನು ಎಸ್ ಎನ್ನುತ್ತಿದ್ದೆ. ಮರುದಿನವೇ ಕ್ಲಾಸಿಗೆ ಸೇರಿದೆ.

ಇಂಗ್ಲಿಷ್ ಬರುವವರು ಊರಲ್ಲಿ ಯಾರೂ ಇರಲಿಲ್ಲವೇ ಎಂದು ನೀವು ಕೇಳಬಹುದು. ಬೇಕಾದಷ್ಟು ಇದ್ದರು. ಆದರೆ ಅವರಲ್ಲಿ ಯಾರಿಗೆ ಹೇಳಿದರೂ ಸೂರ್ಯ ಮುಳುಗುವ ಮೊದಲು ಸುದ್ದಿ ನಮ್ಮ ಅಂಗಳಕ್ಕೆ ಬಂದು ಮುಟ್ಟುತ್ತಿತ್ತು. ಅತ್ತೆಗೆ ಹಿಂದಿನ ವರ್ಷ ಮಂಗಳೂರಿನಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೆವು. ಆಘಾತ ಆಗುವ ಸುದ್ದಿ ಏನೂ ಹೇಳಬಾರದು ಎಂದು ಡಾಕ್ಟರು ನನ್ನನ್ನೇ ನೋಡಿ ಹೇಳಿದ್ದರು. ಮಗಳು ಇಂಗ್ಲಿಷ್ ಮೀಡಿಯಂ, ನನಗಿಂತ ಎಷ್ಟೋ ಚೆನ್ನಾಗಿ ಮಾತಾಡುತ್ತಾಳೆ. ಆದರೆ ಅಪ್ಪನ ಬಾಯಿ ಒಂದು ಕಡೆಗೆ ಎಳೆದಿದೆ ಎಂಬ ಮಾತನ್ನು ಆರನೇ ಕ್ಲಾಸಿನ ಮಗಳ ಬಾಯಿಂದ ತರ್ಜುಮೆ ಮಾಡಿಸಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಅವಳಿಗೆ ಹೋಮ್‌ವರ್ಕ್ ಹೇಳಿಕೊಡಲು ಕ್ಲಾಸಿಗೆ ಹೋಗುತ್ತಿದ್ದೇನೆ ಎಂದು ಅತ್ತೆಗೆ ಹೇಳಿದೆ. ನಮ್ಮ ಮನೆಮಾತು ತುಳು. ಅತ್ತೆ ಆಡಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಈ ಪ್ರಾಯದಲ್ಲಿಯಾ?" ಎಂದರು ಅತ್ತೆ.

"ಎಂತ ಮಾಡುದು ಅತ್ತೆ, ಶಾಲೆಯಲ್ಲಿ ಮೀಟಿಂಗಿಗೆ ಹೋದ್ರೆ ಎಲ್ಲ ಇಂಗ್ಲಿಷೇ."

"ಹೋಗು ಹೋಗು. ಕಲ್ತದ್ದು ಹಾಳಾಗುದಿಲ್ಲ."

ಅತ್ತೆಗೆ ಅವರ ಮಗ ಪ್ರತಿ ಶುಕ್ರವಾರ ಮಧ್ಯಾಹ್ನ ಫೋನ್ ಮಾಡುವ ಕ್ರಮ ಇತ್ತು. ಅಲ್ಲಿ ಅವರಿಗೆ ಅದು ರಜೆಯ ದಿನ. ಅತ್ತೆ ಊಟದ ತಟ್ಟೆಯನ್ನು ಹಾಗೇ ಮುಚ್ಚಿಟ್ಟು ಕಾಯುತ್ತಿದ್ದರು. ಕಂಪೆನಿ ಅವರನ್ನು ಮರುಭೂಮಿಯ ಒಳಗೆ ಯಾವುದೋ ಸೈಟಿಗೆ ಕಳಿಸಿದೆ, ಅಲ್ಲಿ ರೇಂಜ್ ಇಲ್ಲ, ನನಗೆ ಮೆಸೇಜ್ ಮಾತ್ರ ಬರುತ್ತದೆ ಎಂದು ಇನ್ನೊಂದು ಸುಳ್ಳು ಕಟ್ಟಿದೆ. ಮೊದಮೊದಲು ಅತ್ತೆ ಪ್ರತಿ ಶುಕ್ರವಾರ ಕೇಳುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಕೇಳುವುದನ್ನೇ ಬಿಟ್ಟರು. ನಂಬಿದರು ಎಂದು ನನಗೆ ನಿರಾಳವಾಯಿತು. ಇಷ್ಟು ಸುಲಭಕ್ಕೆ ನಂಬಿಬಿಟ್ಟರಲ್ಲ, ಹೆತ್ತ ತಾಯಿಗೆ ಏನೂ ತಿಳಿಯುವುದಿಲ್ಲವೇ ಎಂದು ಒಳಗೊಳಗೆ ಸಿಟ್ಟೂ ಬಂತು. ನನ್ನ ಸ್ವಭಾವವೇ ಹಾಗೆ, ಹೆದರಿಕೆ ಆದಾಗ ಸಿಟ್ಟು ಮೊದಲು ಬರುತ್ತದೆ.

ಟೀಚರ್ ಕೋಟ್ಟಯಂ ಕಡೆಯವರು. ಅವರಿಗೆ ಕನ್ನಡವೂ ಬಾರದು, ತುಳುವೂ ಬಾರದು. ಇಂಗ್ಲಿಷನ್ನು ಮಲಯಾಳದಲ್ಲಿ ವಿವರಿಸುತ್ತಿದ್ದರು. ನಾನು ಅದನ್ನು ತಲೆಯೊಳಗೆ ಕನ್ನಡಕ್ಕೆ ತಂದು, ತುಳುವಿನಲ್ಲಿ ಅರ್ಥ ಮಾಡಿಕೊಂಡು, ಪುನಃ ಇಂಗ್ಲಿಷಿಗೆ ಮರಳುವಷ್ಟರಲ್ಲಿ ಪಕ್ಕದ ಮದುಮಗಳು ಉತ್ತರ ಹೇಳಿ ಮುಗಿಸಿ ಮೊಬೈಲ್ ನೋಡುತ್ತಿದ್ದಳು. ಮುಳ್ಳೇರಿಯದ ಕನ್ನಡ ಶಾಲೆಯಲ್ಲಿ ನಾನು ಇಂಗ್ಲಿಷಿಗೆ ಒಳ್ಳೆ ಮಾರ್ಕು ತೆಗೆದವಳೇ. ಅದು ಬರೆಯುವ ಇಂಗ್ಲಿಷು. ಬಾಯಿಗೆ ಒಂದು ದಿನವೂ ಬಂದಿರಲಿಲ್ಲ. ಟೀಚರ್ ಕೊಡುವ ಅಭ್ಯಾಸ ಎಲ್ಲ "ಐ" ಎಂದೇ ಶುರುವಾಗಬೇಕು. ನಾನು ಏಳುತ್ತೇನೆ, ನಾನು ಹಲ್ಲುಜ್ಜುತ್ತೇನೆ. ನನಗೆ ಬೇಕಾದದ್ದು ಅದಲ್ಲ. ಅವರು ಎದ್ದರೇ, ಅವರು ಕೂತರೇ, ಅವರು ನನ್ನ ಹೆಸರು ಹೇಳಿದರೇ ಎಂದು ಕೇಳುವುದು ಹೇಗೆ ಎಂದು ನನಗೆ ತಿಳಿಯಬೇಕಿತ್ತು. ಒಂದು ದಿನ ಎದ್ದು ನಿಂತು ಕೇಳಿಯೇಬಿಟ್ಟೆ. ಮೊದಲು ನಿನ್ನ ವಿಷಯ ಹೇಳಲು ಕಲಿ, ಆಮೇಲೆ ಬೇರೆಯವರ ವಿಷಯ ವಿಚಾರಿಸಬಹುದು ಎಂದು ಟೀಚರ್ ಮಲಯಾಳದಲ್ಲಿ ಹೇಳಿದರು. ಕ್ಲಾಸು ನಕ್ಕಿತು. ನನ್ನ ಮೈಯೆಲ್ಲ ಉರಿಯಿತು. ಇವರಿಗೆ ಹಲ್ಲುಜ್ಜುವುದೇ ದೊಡ್ಡ ಸಂಗತಿ ಎಂದುಕೊಂಡು ಕೂತೆ. ಟೀಚರ್ ಕೆಟ್ಟವರಲ್ಲ. ನಾನು ಏನೂ ಹೇಳದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು?

ಹಾಗಾಗಿ ನನ್ನ ಪಾಠವನ್ನು ನಾನೇ ಮಾಡಿಕೊಂಡೆ. ನಮ್ಮದು ಗಲ್ಫಿನ ದುಡ್ಡಿನಲ್ಲಿ ಕಟ್ಟಿದ ತಾರಸಿ ಮನೆ. ಗೋಡೆ ದಪ್ಪ, ಒಳಗೆ ರೇಂಜ್ ಸಿಗುವುದಿಲ್ಲ. ಅಡುಗೆಮನೆಯ ಹಿಂದಿನ ಬಾವಿಕಟ್ಟೆಯ ಹತ್ತಿರ ಚೆನ್ನಾಗಿ ಸಿಗುತ್ತದೆ. ಕರೆ ಬರುವ ಮೊದಲು ಅಲ್ಲಿ ಬಟ್ಟೆ ಒಗೆಯುತ್ತ, ಪಾತ್ರೆ ತಿಕ್ಕುತ್ತ ಬಾಯಿಪಾಠ ಮಾಡುತ್ತಿದ್ದೆ. ಹಿ ಈಸ್ ಸ್ಲೀಪಿಂಗ್. ಹಿ ಸ್ಲೆಪ್ಟ್. ಡಿಡ್ ಹಿ ಸ್ಲೀಪ್? ರೈಟ್ ಹ್ಯಾಂಡ್ ಈಸ್ ಮೂವಿಂಗ್? ರೈಟ್ ಹ್ಯಾಂಡ್ ಈಸ್ ನಾಟ್ ಮೂವಿಂಗ್. ಹ್ಯಾಸ್ ಹಿ ಈಟನ್? ಒಳಗೆ ಅತ್ತೆ ಟಿವಿಯಲ್ಲಿ ಧಾರಾವಾಹಿ ನೋಡುತ್ತಿದ್ದರು. ನಾನು ಶುರು ಮಾಡಿದ ಕೂಡಲೇ ಟಿವಿಯ ಸದ್ದು ಕಡಿಮೆಯಾಗುತ್ತಿತ್ತು. ಓದುವವರಿಗೆ ತೊಂದರೆ ಆಗಬಾರದು ಎಂದು ಮಾಡುತ್ತಾರೆ, ಪಾಪ, ಎಂದುಕೊಳ್ಳುತ್ತಿದ್ದೆ.

ಕರೆ ಬಂದಾಗ ನಾನು ಮೊದಲು ಕೇಳುತ್ತಿದ್ದದ್ದು ಊಟವಾಯಿತೇ ಎಂದು. ನಮ್ಮಲ್ಲಿ ದಾರಿಯಲ್ಲಿ ಸಿಕ್ಕಿದವರನ್ನೂ ಹಾಗೆಯೇ ಮಾತಾಡಿಸುತ್ತೇವೆ. ಸಾವಿನ ಮನೆಯಿಂದ ಬಂದವರನ್ನೂ ಮೊದಲು ಕೇಳುವುದು ಅದನ್ನೇ. ಹ್ಯಾಸ್ ಹಿ ಈಟನ್? ನರ್ಸು, ನೋ ಮ್ಯಾಮ್, ಮೂಗಿನ ಟ್ಯೂಬಿನಲ್ಲಿ ಕೊಡುತ್ತೇವೆ ಎನ್ನುತ್ತಿದ್ದಳು. ಮರುದಿನ ಪುನಃ ಅದೇ ಪ್ರಶ್ನೆ. ಅವಳು ಎಷ್ಟೋ ದಿನ ಸಹಿಸಿಕೊಂಡಳು. ಕೊನೆಗೊಂದು ದಿನ ನಿಧಾನವಾಗಿ, ನನಗೆ ಒಂದೊಂದು ಶಬ್ದವೂ ತಿಳಿಯುವ ಹಾಗೆ ಹೇಳಿದಳು. ಮ್ಯಾಮ್, ದಿನಾ ಊಟ, ಊಟ, ಊಟ. ಅವರ ಬಿಪಿ ಕೇಳುವುದಿಲ್ಲ, ತಲೆಯ ಸ್ಕ್ಯಾನ್ ಕೇಳುವುದಿಲ್ಲ, ಕೈಕಾಲು ಕೇಳುವುದಿಲ್ಲ. ನಾವು ಊಟ ಕೊಡುವುದಿಲ್ಲ ಎಂದು ನಿಮಗೆ ಸಂಶಯವೇ?

ಸಂಶಯ ಅಲ್ಲ ತಾಯಿ, ನಮ್ಮಲ್ಲಿ ಪ್ರೀತಿ ಇದ್ದವರು ಕೇಳುವುದೇ ಅದನ್ನು ಎಂದು ಹೇಳಬೇಕು. ಅದಕ್ಕೆ ಬೇಕಾದ ಇಂಗ್ಲಿಷು ನನ್ನಲ್ಲಿ ಇರಲಿಲ್ಲ. ಸಾರಿ ಸಿಸ್ಟರ್ ಎಂದೆ. ಬಾವಿಗೆ ಬೆನ್ನು ಕೊಟ್ಟು ಕೂತು ಚೆನ್ನಾಗಿ ಅತ್ತುಬಿಟ್ಟೆ. ಆ ದಿನದಿಂದ ಊಟದ ಪ್ರಶ್ನೆಯನ್ನೇ ಬಿಟ್ಟೆ. ಬಿಪಿ ಕೇಳಿದೆ, ಸ್ಕ್ಯಾನ್ ಕೇಳಿದೆ. ಅವಳು ಹೇಳಿದ ಸಂಖ್ಯೆಗಳನ್ನು ಕೇಳಿ ಓಕೆ ಓಕೆ ಎಂದೆ. ವಿದ್ಯಾವಂತೆಯ ಹಾಗೆ ಮಾತಾಡಿದೆ, ಆದರೆ ಫೋನ್ ಇಟ್ಟ ಮೇಲೆ ಅವರ ಬಗ್ಗೆ ಏನೂ ಕೇಳಲಿಲ್ಲ ಎಂದೇ ಅನಿಸುತ್ತಿತ್ತು.

ಅಷ್ಟರಲ್ಲಿ ನರ್ಸು ಒಂದು ವಿಷಯ ಹೇಳಿದಳು. ರೋಗಿಗಳನ್ನು ಊರಿಗೆ ಕಳಿಸುವ ವ್ಯವಸ್ಥೆ ನೋಡುವ ಆಫೀಸರಮ್ಮ ಒಬ್ಬರು ಬರುವ ಗುರುವಾರ ನನಗೆ ಕರೆ ಮಾಡುತ್ತಾರೆ. ಮನೆಯಲ್ಲಿ ನೋಡಿಕೊಳ್ಳಲು ಜನ ಇದ್ದಾರೋ, ಹತ್ತಿರ ಆಸ್ಪತ್ರೆ ಉಂಟೋ ಎಂದು ಕೇಳುತ್ತಾರೆ. ನಾನು ಸರಿಯಾಗಿ ಉತ್ತರ ಕೊಟ್ಟರೆ ಮುಂದಿನ ಕೆಲಸ ಶುರುವಾಗುತ್ತದೆ, ಇಲ್ಲದಿದ್ದರೆ ಅಲ್ಲೇ ಯಾವುದೋ ದೀರ್ಘಕಾಲದ ವಾರ್ಡಿಗೆ ಹಾಕುತ್ತಾರೆ. ದೀರ್ಘಕಾಲ ಎಂದರೆ ಎಷ್ಟು ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಅವರನ್ನು ಮನೆಗೆ ತರುವುದು ನನ್ನ ನಾಲಗೆಯ ಮೇಲೆ ನಿಂತಿತು. ಐ ವಿಲ್ ಟೇಕ್ ಕೇರ್ ಆಫ್ ಹಿಮ್. ಐ ವಿಲ್ ಟೇಕ್ ಕೇರ್ ಆಫ್ ಹಿಮ್. ಬಟ್ಟೆ ಕಲ್ಲಿಗೆ ಬಡಿದ ಹಾಗೆ ಅದನ್ನೇ ಬಡಿದೆ.

ಅದೇ ವಾರ ಇನ್ನೊಂದು ಪೇಚು ಬಂತು. ಗಲ್ಫಿನಿಂದ ರಜೆಯಲ್ಲಿ ಬಂದವರು ವಾಪಸು ಹೊರಡುವಾಗ ಅಲ್ಲಿರುವ ಪರಿಚಯದವರ ಮನೆಗಳಿಗೆ ಹೇಳಿ ಕಳಿಸುವುದು ನಮ್ಮ ಕಡೆಯ ಕ್ರಮ. ಪ್ರತಿ ಮನೆಯವರೂ ರಟ್ಟಿನ ಪೆಟ್ಟಿಗೆಯಲ್ಲಿ ತಿಂಡಿ ತುಂಬಿಸಿ, ಹಗ್ಗ ಬಿಗಿದು, ಹೆಸರು ಬರೆದು ಕೊಡುತ್ತಾರೆ. ಕುಂಬಳೆ ಹತ್ತಿರದ ಅನಂತಪುರದ ಕಡೆಯ ಒಬ್ಬರು ಹೊರಟಿದ್ದಾರೆ ಎಂಬ ಸುದ್ದಿ ಅತ್ತೆಯ ಕಿವಿಗೆ ಬಿದ್ದದ್ದೇ ತಡ, ನನಗಿಂತ ಮೊದಲು ಅವರು ಪೆಟ್ಟಿಗೆ ಹುಡುಕಲು ಶುರು ಮಾಡಿದರು. ನನ್ನ ಗಂಡನ ಪೆಟ್ಟಿಗೆಯಲ್ಲಿ ಏನಿರಬೇಕು ಎಂಬುದು ಮನೆಗೇ ಗೊತ್ತು: ಹಲಸಿನಕಾಯಿ ಚಿಪ್ಸು, ಒಣ ಸಿಗಡಿಯ ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ, ಅಕ್ಕಿ ಹಪ್ಪಳ. ಬೇಡ ಅನ್ನುವುದು ಹೇಗೆ? ಮರುಭೂಮಿಯ ಸೈಟಿನಲ್ಲಿ ಇದ್ದವನಿಗೆ ಮನೆಯ ತಿಂಡಿ ಬೇಡವೇ ಎಂದು ಕೇಳಿದರೆ ಏನು ಹೇಳಲಿ?

ರೂಮಿನ ಗೆಳೆಯನಿಗೆ ಫೋನ್ ಮಾಡಿದೆ. "ಕಳಿಸಿ ಅತ್ತಿಗೆ, ನಾನು ತಕೊಳ್ತೇನೆ. ಪೆಟ್ಟಿಗೆ ತರುವವರಿಗೆ ನಾನು ಹೇಳಿ ಇಟ್ಟಿದ್ದೇನೆ, ಅವರು ಊರಲ್ಲಿ ಬಾಯಿ ಬಿಡುದಿಲ್ಲ," ಎಂದ. ಅತ್ತೆ ಎರಡು ದಿನ ಅಡುಗೆಮನೆಯಿಂದ ನನ್ನನ್ನು ಹೊರಗೇ ಇಟ್ಟರು. ನೀನು ಓದು, ನಿನಗೆ ಪಾಠ ಉಂಟಲ್ಲ ಎಂದರು. ಏನೋ ಹುರಿಯುವ ವಾಸನೆ, ಮಿಕ್ಸಿಯ ಸದ್ದು. ಹೊಲಿಗೆ ಮಿಷನ್ನಿನ ಸದ್ದೂ ಕೇಳಿತು. ನಾನು ಅಷ್ಟು ಗಮನ ಕೊಡಲಿಲ್ಲ. ನನ್ನ ತಲೆಯೊಳಗೆ ಗುರುವಾರ ಒಂದೇ ಇತ್ತು.

ಗುರುವಾರ ಮಧ್ಯಾಹ್ನ ಪೆಟ್ಟಿಗೆ ಚಾವಡಿಯಲ್ಲಿ ಸಿದ್ಧವಾಗಿ ಕೂತಿತ್ತು. ಸಂಜೆ ಅದನ್ನು ತೆಗೆದುಕೊಂಡು ಹೋಗಲು ಜನ ಬರುತ್ತಿದ್ದರು. ಅತ್ತೆ ಮಲಗಿದ್ದರು. ಸಿಗಡಿ ಚಟ್ನಿ ಗಲ್ಫಿನ ಆ ರೂಮಿನ ಮಂಚದ ಅಡಿಯಲ್ಲಿ ಕೂತು ಹಾಳಾಗುವುದನ್ನು ನೆನೆದು ನನಗೆ ತಡೆಯಲಾಗಲಿಲ್ಲ. ಅದನ್ನು ತೆಗೆದು ಬದಲಿಗೆ ಬೇರೇನಾದರೂ ಇಡೋಣ ಎಂದು ಹಗ್ಗ ಬಿಚ್ಚಿದೆ.

ಚಟ್ನಿ ಇರಲಿಲ್ಲ. ಚಿಪ್ಸು, ಹಪ್ಪಳ, ಉಪ್ಪಿನಕಾಯಿ ಯಾವುದೂ ಇರಲಿಲ್ಲ. ಮೇಲುಗಡೆ ರಾಗಿ ಹುಡಿಯ ಪೊಟ್ಟಣ. ಅದರ ಪಕ್ಕದಲ್ಲಿ ಒಣಗಿಸಿ ಪುಡಿ ಮಾಡಿದ ಬಾಳೆಕಾಯಿ ಹುಡಿ, ಹಲ್ಲು ಬಾರದ ಮಕ್ಕಳಿಗೆ ಕಾಯಿಸಿ ಕೊಡುವಂಥದ್ದು. ಹುರಿದು ನುಣ್ಣಗೆ ಪುಡಿ ಮಾಡಿದ ಕುಚ್ಚಲಕ್ಕಿ. ಅಡಿಯಲ್ಲಿ ಮಡಚಿಟ್ಟ ಹಳೆಯ ಮೆತ್ತನೆಯ ಪಂಚೆಗಳು ಮತ್ತು ನಾಲ್ಕೈದು ಬನಿಯನುಗಳು. ಒಂದನ್ನು ಬಿಡಿಸಿ ನೋಡಿದೆ. ಬಲಗಡೆಯ ಭುಜದಿಂದ ಸೊಂಟದವರೆಗೆ ಕತ್ತರಿಸಿ, ಅಂಚು ಮಡಚಿ ಹೊಲಿದು, ಕಟ್ಟಿಕೊಳ್ಳಲು ಬಟ್ಟೆಯ ಲಾಡಿ ಇಟ್ಟಿದ್ದರು. ಕೈ ಎತ್ತಲಾಗದವನಿಗೆ ತೊಡಿಸುವ ಹಾಗೆ. ಎಲ್ಲ ಬನಿಯನುಗಳಲ್ಲೂ ಬಲಗಡೆ ಮಾತ್ರ.

ಬನಿಯನ್ ಹಿಡಿದುಕೊಂಡು ನೆಲದ ಮೇಲೆ ಕೂತೆ. ಹಿಂದಿನಿಂದ ಅತ್ತೆಯ ದನಿ ಕೇಳಿತು.

"ಎಲ್ಲ ಪುನಃ ಸರಿ ಮಡಚಿ ಇಡು. ಇಲ್ಲದಿದ್ರೆ ಪೆಟ್ಟಿಗೆ ಮುಚ್ಚುದಿಲ್ಲ."

"ನಿಮಗೆ ಯಾರು ಹೇಳಿದ್ದು ಅತ್ತೆ?"

"ನೀನೇ ಅಲ್ವಾ? ದಿನಾ ಬಾವಿಕಟ್ಟೆಯಲ್ಲಿ ರೈಟ್ ಹ್ಯಾಂಡ್, ರೈಟ್ ಹ್ಯಾಂಡ್ ಅಂತ ಬೊಬ್ಬೆ ಹಾಕ್ತಿ. ನನಗೆ ಅಷ್ಟೂ ಗೊತ್ತಾಗುದಿಲ್ವಾ? ಸಿಸ್ಟರ್ ಸಿಸ್ಟರ್ ಅಂತ ಅಳುದು ಮಗಳ ಹೋಮ್‌ವರ್ಕಿಗಾ?"

"ಮತ್ತೆ ಹೇಳ್ಬೇಕಿತ್ತಲ್ಲ!" ನಾನು ಕಿರುಚಿಯೇಬಿಟ್ಟೆ. ಅತ್ತೆಯ ಮೇಲೆ ದನಿ ಎತ್ತಿದ್ದು ಅದೇ ಮೊದಲು. "ನಾನು ಒಬ್ಬಳೇ ಸಾಯ್ತಿದ್ದೆ ಇಲ್ಲಿ!"

ಅತ್ತೆ ಹತ್ತಿರ ಬಂದು, ಗೋಡೆ ಹಿಡಿದು, ಕಷ್ಟಪಟ್ಟು ನನ್ನ ಪಕ್ಕದಲ್ಲಿ ಕೂತರು. "ನನಗೆ ಗೊತ್ತುಂಟು ಅಂತ ಆದ್ರೆ ನೀನು ನನ್ನನ್ನೂ ನೋಡ್ಲಿಕ್ಕೆ ಉಂಟಲ್ಲ ಮಗಾ. ಮಾತ್ರೆ ತಕೊಂಡ್ರಾ, ಎದೆ ನೋವುಂಟಾ ಅಂತ. ನಿನಗೆ ಅದು ಬೇರೆ ಯಾಕೆ ಅಂತ ಸುಮ್ಮನೆ ಇದ್ದೆ." ಅಷ್ಟು ಹೇಳಿ ಬನಿಯನನ್ನು ನನ್ನ ಕೈಯಿಂದ ತೆಗೆದು ಮಡಚತೊಡಗಿದರು. ಶುಕ್ರವಾರಗಳ ಮಧ್ಯಾಹ್ನ ಏನೂ ಕೇಳದೆ ಆ ತಟ್ಟೆಯ ಮುಂದೆ ಇವರು ಹೇಗೆ ಕೂತಿದ್ದರೋ ಎಂದು ನೆನೆಯುತ್ತ ನಾನೂ ಉಳಿದದ್ದನ್ನು ಮಡಚಿ, ಪೆಟ್ಟಿಗೆ ಮುಚ್ಚಿ ಹಗ್ಗ ಬಿಗಿದೆ.

ಕರೆ ಬಂದಾಗ ನಾವಿಬ್ಬರೂ ಬಾವಿಕಟ್ಟೆಯ ಮೇಲೆ ಇದ್ದೆವು. ಆಫೀಸರಮ್ಮ ಗಟ್ಟಿಯಾಗಿ, ಬಿಡಿಸಿ ಮಾತಾಡಿದರು. ಹತ್ತಿರದ ಆಸ್ಪತ್ರೆ ಎಲ್ಲಿ? ಮಂಗಳೂರು, ಒನ್ ಅವರ್ ಎಂದೆ. ಮನೆಯಲ್ಲಿ ಮೆಟ್ಟಿಲು ಉಂಟೇ? ನೋ ಎಂದೆ. ಮನೆಯಲ್ಲಿ ಅವರನ್ನು ಯಾರು ನೋಡಿಕೊಳ್ಳುತ್ತಾರೆ? ಎಷ್ಟೋ ದಿನದಿಂದ ಉರು ಹೊಡೆದ ವಾಕ್ಯ ಬಾಯಿಗೆ ಬಂತು. ಪಕ್ಕದಲ್ಲಿ ಅತ್ತೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಆ ವಾಕ್ಯವನ್ನು ಹೇಳಲಿಲ್ಲ. "ಹಿಸ್ ಮದರ್ ಅಂಡ್ ಮಿ," ಎಂದೆ. "ಟೂ ಪೀಪಲ್. ವಿ ಆರ್ ಟೂ ಪೀಪಲ್." ತಪ್ಪೋ ಸರಿಯೋ, ಆಫೀಸರಮ್ಮನಿಗೆ ಅರ್ಥವಾಯಿತು.

ಆಮೇಲೆ ಅವರು ಹೇಳಿದ್ದನ್ನು ನಾನು ಎರಡು ಸಲ ಹೇಳಿಸಿಕೊಂಡೆ. ಮನೆಯ ಕಡೆಯಿಂದ ಎಲ್ಲ ಸರಿ. ಆದರೆ ರೋಗಿ ಟ್ಯೂಬ್ ಇಲ್ಲದೆ ಬಾಯಿಂದಲೇ ತಿನ್ನುವ ಹಾಗೆ ಆಗಬೇಕು, ಕೂರುವ ಹಾಗೆ ಆಗಬೇಕು. ಆ ಮೇಲೆಯೇ ವಿಮಾನ. ಅದು ಯಾವಾಗ ಎಂದು ಹೇಳಲು ಆಗುವುದಿಲ್ಲ. ಥ್ಯಾಂಕ್ಯೂ ಎಂದು ಫೋನ್ ಇಟ್ಟೆ.

"ಎಂತ ಹೇಳಿದ್ರು?"

ಹೇಳಿದೆ.

"ಅವ ಇವತ್ತು ಊಟ ಮಾಡಿದ್ನಾ ಕೇಳಿದ್ಯಾ?"

"ಇಲ್ಲ ಅತ್ತೆ. ಅದನ್ನು ಕೇಳಿದ್ರೆ ಆ ನರ್ಸಿಗೆ ಸಿಟ್ಟು ಬರ್ತದೆ. ನಾನು ಕೇಳುದೇ ಬಿಟ್ಟಿದ್ದೇನೆ."

"ಬರ್ಲಿ ಸಿಟ್ಟು. ಬಾಯಿಂದ ತಿನ್ಬೇಕು ಅಂತ ಆ ಆಫೀಸರಮ್ಮನೂ ಅದನ್ನೇ ಅಲ್ವಾ ಹೇಳಿದ್ದು? ನೀನು ಪುನಃ ಫೋನ್ ಮಾಡು. ಕೇಳು."

ನಾನಾಗಿ ವಾರ್ಡಿಗೆ ಫೋನ್ ಮಾಡಿದ್ದು ಅಂದೇ ಮೊದಲು. ನರ್ಸು ತೆಗೆದಳು. ಸಿಸ್ಟರ್, ಹಿಸ್ ಮದರ್ ಈಸ್ ಆಸ್ಕಿಂಗ್. ಹ್ಯಾಸ್ ಹಿ ಈಟನ್?

ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. ತಾಯಿಗೆ ಹೇಳಿ, ಎಂದಳು. ಇವತ್ತು ಬೆಳಿಗ್ಗೆ ಗಂಜಿಯ ನೀರು, ಮೂರು ಚಮಚ, ಬಾಯಿಂದ. ಎರಡು ಚಮಚ ಹೊರಗೆ ಬಂತು. ಒಂದು ಒಳಗೆ ಹೋಯಿತು. ನಾಳೆ ಪುನಃ ನೋಡುತ್ತೇವೆ.

ಅತ್ತೆಗೆ ಹೇಳಿದೆ. ಅವರು ಎದ್ದು ಒಳಗೆ ಹೋದರು. ನಾನು ಹೋಗಿ ನೋಡುವಾಗ ಪೆಟ್ಟಿಗೆಯ ಹಗ್ಗ ಪುನಃ ಬಿಚ್ಚಿತ್ತು, ಅತ್ತೆ ಉಪ್ಪಿನಕಾಯಿಯ ಭರಣಿಯನ್ನು ಮುಂದಿಟ್ಟುಕೊಂಡು ಕೂತಿದ್ದರು. ಒಂದೊಂದೇ ಮಿಡಿಯನ್ನು ಬದಿಗೆ ಸರಿಸಿ, ರಸವನ್ನು ಮಾತ್ರ ಚಮಚದಲ್ಲಿ ತೆಗೆದು ಸಣ್ಣ ಬಾಟ್ಲಿಗೆ ಹಾಕುತ್ತಿದ್ದರು.

"ಬರೀ ಗಂಜಿ ನೀರು ಅವನಿಗೆ ಹೋಗುದಿಲ್ಲ," ಎಂದರು. "ನಾಲಗೆಗೆ ಚೂರು ಮುಟ್ಟಿಸ್ಲಿಕ್ಕೆ ಹೇಳು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುದು ಅಂತ ನಾಳೆ ಟೀಚರ್‌ನ ಹತ್ತಿರ ಕೇಳಿಕೊಂಡು ಬಾ."